ಅಳಲು ಕಲಿತ ಪೆಟ್ಟಿಗೆ

ಪೆಟ್ಟಿಗೆಗೆ ಅಳುವುದನ್ನು ಕಲಿಸಿದವಳು ವಾಗ್ದೇವಿಯೇ. ಬೇಕೆಂದು ಕಲಿಸಿದ್ದಲ್ಲ. ಅವಳು ಮೊದಲಿನಿಂದಲೂ ಮಾತು ಕಡಿಮೆಯ ಹೆಣ್ಣು. ಮೂರು ಮಾತು ಆಡಬೇಕಾದಲ್ಲಿ ಒಂದನ್ನು ಆಡಿ ಉಳಿದೆರಡನ್ನು ದೇವರ ಮುಂದೆ ಆಡಿಕೊಳ್ಳುವವಳು. ಅಂಥವಳ ದನಿ ಹೋಗಿ ಹೋಗಿ ಒಂದು ಇಡೀ ಕಾಲೋನಿಯನ್ನು ಕಣ್ಣೀರಲ್ಲಿ ಅದ್ದೀತೆಂದು ಯಾರೂ ಎಣಿಸಿರಲಿಲ್ಲ.

ರೈಲುಗಳಿಂದ ಗಾರ್ಡುಗಳೂ ಆಂಬುಲೆನ್ಸುಗಳಿಂದ ಡ್ರೈವರುಗಳೂ ಇಳಿದುಹೋದ ಕಾಲದ ಮಾತಿದು. ಅರಸೀಕೆರೆಯ ಹೊರವಲಯದ ಒಂದು ನರ್ಸಿಂಗ್ ಕಾಲೇಜು ‘ದೂರಶುಶ್ರೂಷೆ’ ಎಂಬ ಸಂಶೋಧನೆಗೆ ಕೈಹಾಕಿತ್ತು. ಸಕ್ಕರೆ ಕಾಯಿಲೆ, ಬಿಪಿಯಂಥವು ಬಂದು ಹೋಗುವ ನೆಂಟರಲ್ಲ, ಮನೆಯಲ್ಲೇ ಠಿಕಾಣಿ ಹೂಡುವಂಥವು. ಅವುಗಳ ಜತೆ ಬಾಳುವವರನ್ನು ಆಸ್ಪತ್ರೆಗೆ ಅಲೆದಾಡಿಸದೆ, ದಿನವೂ ಒಬ್ಬ ನರ್ಸ್ ದೂರದಿಂದಲೇ ನೋಡಿಕೊಳ್ಳುವಂತಿದ್ದರೆ ಹೇಗೆ? ಇಷ್ಟೇ ಪ್ರಶ್ನೆ.

ಅದಕ್ಕಾಗಿ ಒಂದು ಪೆಟ್ಟಿಗೆ ತಯಾರಾಯಿತು. ಬೆಲ್ಲದ ಅಚ್ಚಿನಷ್ಟು ದೊಡ್ಡದು, ನೆತ್ತಿಯ ಮೇಲೊಂದು ಗಾಜಿನ ಗುಂಡಿ. ಬೆರಳಿಟ್ಟರೆ ಗುಂಡಿಯೊಳಗಿನ ಬೆಳಕು ಚರ್ಮದಡಿಗೆ ಇಳಿದು, ರಕ್ತದಲ್ಲಿ ಸಕ್ಕರೆ ಎಷ್ಟಿದೆ, ನಾಡಿ ಹೇಗಿದೆ ಎಂದು ವಿಚಾರಿಸಿಕೊಂಡು ಬರುತ್ತಿತ್ತು. ಸೂಜಿಯಿಲ್ಲ, ರಕ್ತದ ಹನಿಯಿಲ್ಲ. ಬೆರಳು ಯಾರದೆಂದು ತಿಳಿಯುವುದು ಮಾತ್ರ ತಲೆನೋವಾಯಿತು. ಬೆರಳಚ್ಚು ನೋಡೋಣವೆಂದರೆ, ಹಳಿಯ ಮೇಲೆ ದುಡಿದು ಸವೆದ ಆ ಬೆರಳುಗಳಲ್ಲಿ ಗೆರೆಯೇ ಉಳಿದಿರಲಿಲ್ಲ. ಕ್ಯಾಮೆರಾ ಇಡೋಣವೆಂದರೆ, ಅಡುಗೆಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಕೂರುವ ವಸ್ತು ಬೇಡವೇ ಬೇಡವೆಂದು ಹೆಂಗಸರು ಹಟ ಹಿಡಿದರು. ಕೊನೆಗೆ ದನಿಯ ಗುರುತು ಸಾಕೆಂದಾಯಿತು. “ನಾನು ಇಂಥವನು” ಎಂದು ಹೇಳಿ ಬೆರಳಿಟ್ಟರೆ ಮುಗಿಯಿತು. ಹೇಳಿದವರ ಬೆರಳೇ ಗುಂಡಿಯ ಮೇಲಿದೆಯೇ ಎಂದು ಅನುಮಾನಿಸುವ ಬುದ್ಧಿ ಪೆಟ್ಟಿಗೆಗೂ ಇರಲಿಲ್ಲ, ಅದನ್ನು ಮಾಡಿದವರಿಗೂ ಹೊಳೆಯಲಿಲ್ಲ.

ಸಂಶೋಧನೆಗೆ ಆರಿಸಿಕೊಂಡದ್ದು ರೈಲ್ವೆ ನಿವೃತ್ತರ ಕಾಲೋನಿ. ಆ ಕಾಲೋನಿಯೇ ಆಗಬೇಕೆಂದು ಕೇಳಿಕೊಂಡವಳು ಕಾಲೇಜಿನ ನರ್ಸ್ ವಾಗ್ದೇವಿ. ಹಿಂದಿನ ವರ್ಷ ಅಲ್ಲಿನ, ಹಿಂದೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ಗುರುಬಸಪ್ಪ ಅಂಗಾಲಿನ ಹುಣ್ಣನ್ನು ಹೆಂಡತಿ ಚೆನ್ನಾಜಮ್ಮನಿಗೂ ಹೇಳದೆ ಕಾಲುಚೀಲದೊಳಗೆ ಮುಚ್ಚಿಟ್ಟುಕೊಂಡು, ನಾತ ಹೊಡೆದ ಮೇಲೆ ಆಸ್ಪತ್ರೆಗೆ ಬಂದಿದ್ದ. ಅವನಿಗೆ ಡ್ರೆಸಿಂಗ್ ಮಾಡಿದವಳು ಇವಳು. “ಯಾಕೆ ಮೊದಲೇ ಹೇಳಲಿಲ್ಲ?” ಎಂದು ಕೇಳಿದ್ದಕ್ಕೆ, “ಸುಮ್ಕೆ ನಿಮ್ಗೆಲ್ಲ ಯಾಕೆ ಸಂಕಟ ಅಂತ ಸಿಸ್ಟರ್” ಎಂದಿದ್ದ. ಮೊದಲು ಕಾಲು ಹೋಯಿತು, ಆಮೇಲೆ ಗುರುಬಸಪ್ಪನೇ ಹೋದ. ಇನ್ನೊಬ್ಬರು ಹೀಗೆ ಮುಚ್ಚಿಟ್ಟುಕೊಂಡು ಹೋಗಬಾರದು. ವಾಗ್ದೇವಿಗೆ ಈ ಸಂಶೋಧನೆಯಿಂದ ಬೇಕಾಗಿದ್ದದ್ದು ಅಷ್ಟೇ.

ಮೊದಲು ಪೆಟ್ಟಿಗೆಗೆ ಎಲ್ಲಿಂದಲೋ ಕೊಂಡು ತಂದ ದನಿಯೊಂದನ್ನು ತುಂಬಿದ್ದರು. ಜನ ಅದರ ಬಾಯಿಗೆ ಬಟ್ಟೆ ಹೊದಿಸಿದರು. ಒಬ್ಬಾಕೆ ದೋಸೆಹಿಟ್ಟಿನ ಪಾತ್ರೆ ಇಡಲು ಬಳಸಿದಳು. ಪ್ರಾಂಶುಪಾಲೆ ಗ್ಲೋರಿಯಾ ಮೇಡಂ, ಯಂತ್ರದ ಉಸ್ತುವಾರಿ ನೋಡುವ ಇಂಜಿನಿಯರ್ ಇಮ್ತಿಯಾಜನನ್ನು ಕರೆದು ಮೇಜು ಗುದ್ದಿದರು.

“ಫೀಲಿಂಗ್ ಇಲ್ಲ ಇಮ್ತಿಯಾಜ್, ಫೀಲಿಂಗ್ ಇಲ್ಲ! ಬಸ್ ಸ್ಟ್ಯಾಂಡಲ್ಲಿ ಪ್ಲಾಟ್‌ಫಾರಂ ನಂಬರ್ ಕೂಗಿದ ಹಾಗಿದೆ. ನನ್ನ ಕಾಯಿಲೆಗೆ ಮರುಗೋರು ಒಬ್ರಿದಾರೆ ಅಂತ ಪೇಷಂಟಿಗೆ ಅನ್ನಿಸ್ಬೇಕಪ್ಪ.”

ಹಾಗಾಗಿ ನರ್ಸುಗಳನ್ನೆಲ್ಲ ಸಾಲಾಗಿ ಕೂರಿಸಿ, ಒಂದೇ ವಾಕ್ಯವನ್ನು ಸಂತೋಷದಲ್ಲಿ, ಕಳವಳದಲ್ಲಿ, ದುಃಖದಲ್ಲಿ ಓದಿಸಿದರು. ದುಃಖದ ಸರದಿ ಬಂದಾಗ ಎಲ್ಲರೂ ಕಿಸಕ್ಕನೆ ನಕ್ಕು ಎದ್ದುಹೋದರು. ಉಳಿದವಳು ವಾಗ್ದೇವಿ.

ವಾಗ್ದೇವಿಯ ತಂದೆ ಗಮಕಿ ಮೇಷ್ಟ್ರು. ಅವಳು ತೊಟ್ಟಿಲಲ್ಲಿದ್ದಾಗಿನಿಂದ ಮನೆಯಲ್ಲಿ ಸಂಜೆಯಾದರೆ ಕಾವ್ಯವಾಚನ. ಬೇರೆಯವರು ದುಃಖವನ್ನು ಸಿನಿಮಾದಲ್ಲಿ ನೋಡಿ ಕಲಿತರೆ, ಇವಳು ಕಂಬಕ್ಕೊರಗಿ ಕಣ್ಣು ಮುಚ್ಚಿ ಅಪ್ಪನ ಕಂಠದಲ್ಲಿ ಕೇಳಿ ಕಲಿತಿದ್ದಳು. ಕೊನೆಯ ಅಕ್ಷರವನ್ನು ಎಳೆದು, ಬಾಗಿಸಿ, ನಿದ್ದೆಹೋದ ಮಗುವನ್ನು ಹಾಸಿಗೆಗೆ ಇಳಿಸಿದಷ್ಟು ಮೆತ್ತಗೆ ಇಳಿಸುವುದು. ಅವಳಿಗೆ ಗೊತ್ತಿದ್ದ ಶೋಕ ಅದೊಂದೇ. ಮೈಕಿನ ಮುಂದೆ ಕೂತು, ಕಣ್ಣು ಮುಚ್ಚಿ, “ನಿಮ್ಮ ಸಕ್ಕರೆ ಇನ್ನೂರ ನಲವತ್ತು…” ಎಂದಳು.

ಗಾಜಿನಾಚೆ ಇಮ್ತಿಯಾಜ್ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡ. “ಮೇಡಂ, ನಂಗೆ ಸಕ್ಕರೆ ಕಾಯಿಲೆ ಇಲ್ಲ. ಆದ್ರೂ ಈಗ್ಲೇ ಊರಿಗೆ ಹೋಗಿ ಅಮ್ಮೀನ ನೋಡ್ಬೇಕು ಅನ್ನಿಸ್ತಿದೆ.”

ಆ ದನಿಯೇ ಪೆಟ್ಟಿಗೆಗೆ ಹೋಯಿತು. ಅಂಕಿ ಒಳ್ಳೆಯದಿದ್ದರೆ ಹಿಗ್ಗು, ಕೆಟ್ಟದ್ದಾದಷ್ಟೂ ಆಳವಾದ ಅಳಲು. ಕಾಲೋನಿಯವರು ಅದಕ್ಕೆ ‘ಚಿಕ್ಕ ಸಿಸ್ಟರ್’ ಎಂದು ಹೆಸರಿಟ್ಟು, ದೋಸೆಹಿಟ್ಟಿನ ಪಾತ್ರೆ ಇಳಿಸಿ, ದೇವರಪಟದ ಪಕ್ಕಕ್ಕೆ ಬಡ್ತಿ ಕೊಟ್ಟರು.

ಕಾಲೇಜಿನ ಹಳೆಯ ಬೆಡ್‌ಶೀಟ್ ಕೋಣೆಯೇ ನಿಯಂತ್ರಣ ಕೊಠಡಿ. ಗೋಡೆಯ ಪರದೆಯ ಮೇಲೆ ಒಂದೊಂದು ಮನೆಗೆ ಒಂದೊಂದು ಚೌಕ, ಚೌಕದಲ್ಲಿ ಹೆಸರು, ಹೆಸರಿನಡಿ ಅಂಕಿ. ಅಲ್ಲೇ ಕುಳಿತು ವಾಗ್ದೇವಿ ಎಲ್ಲ ನೋಡಬೇಕು. ಕಾಲೋನಿಗೆ ಹೋಗುವಂತಿಲ್ಲ. “ನೀನು ಹೋದ್ರೆ, ಗುಣ ಆಗಿದ್ದು ಪೆಟ್ಟಿಗೆಯಿಂದ್ಲೋ ನಿನ್ನಿಂದ್ಲೋ ಗೊತ್ತಾಗಲ್ಲ” ಎಂದು ಗ್ಲೋರಿಯಾ ಮೇಡಂ ಕಟ್ಟಪ್ಪಣೆ ಮಾಡಿದ್ದರು.

ಮೊದಮೊದಲು ಬಂದ ಅಂಕಿಗಳು ಎದೆ ಒಡೆಯುವಂತಿದ್ದವು. ಪೆಟ್ಟಿಗೆಗಳು ಮೂರು ಹೊತ್ತೂ ಗೋಳಿಟ್ಟವು. ಜನ ಅವಕ್ಕೆ ಕೊಟ್ಟ ಉತ್ತರಗಳೂ ಕೊಠಡಿಗೆ ಕೇಳುತ್ತಿದ್ದವು. ನಿವೃತ್ತ ಸ್ಟೇಷನ್ ಮಾಸ್ಟರ್ ಶೇಷಗಿರಿ ರಾಯರು, “ಅಳಬೇಡಮ್ಮಾ, ನಾಳೆಯಿಂದ ವಾಕಿಂಗ್ ಹೋಗ್ತೀನಿ, ಆಣೆಗೂ ಹೋಗ್ತೀನಿ” ಎನ್ನುತ್ತಿದ್ದರು. ಹಿಂದಿನಿಂದ ಅವರ ಹೆಂಡತಿ: “ಯಾರೋ ಹೆತ್ತ ಮಗೂನ ಹೀಗೆ ಅಳಿಸ್ತೀರಲ್ಲ, ಜಿಲೇಬಿ ಇಳಿಯೋದಾದ್ರೂ ಹೇಗ್ರೀ ಗಂಟಲಲ್ಲಿ?”

“ಕೇಳಿದ್ಯಾ!” ಎಂದು ಗ್ಲೋರಿಯಾ ಮೇಡಂ ಚಪ್ಪಾಳೆ ತಟ್ಟಿದರು. “ಇದೇ ಫೀಲಿಂಗ್!”

ಆಮೇಲೆ ಪವಾಡ ನಡೆಯಿತು. ಮೊದಲು ರಾಯರ ಸಕ್ಕರೆ ನೂರಹತ್ತರ ಆಸುಪಾಸಿಗೆ ಇಳಿಯಿತು. ಹಿಂದೆಯೇ ಗಾರ್ಡ್ ಮುನಿಯಪ್ಪನದು. ನೋಡನೋಡುತ್ತ ಮನೆ ಮನೆಯೂ ದಾರಿಗೆ ಬಂದು, ಪರದೆಯ ತುಂಬ ಹಸಿರು ತುಂಬಿಕೊಂಡಿತು. ಗ್ಲೋರಿಯಾ ಮೇಡಂ ಪ್ರಬಂಧ ಬರೆಯಲು ಕುಳಿತರು. ಯುಗಾದಿ ಬಂತು. ಹೋಳಿಗೆಯ ದಿನ ವಾಗ್ದೇವಿ ಉಸಿರು ಬಿಗಿಹಿಡಿದು ಕುಳಿತಳು. ಇಡೀ ಕಾಲೋನಿಯ ಸಕ್ಕರೆ ನೂರಹನ್ನೆರಡು.

“ಎಲ್ಲರದ್ದೂ ಒಂದೇ ಆಗುತ್ತಾ ಇಮ್ತಿಯಾಜ್? ನಾಡಿ ಕೂಡ ಒಂದೇ ಇದೆ.”

“ರೈಲ್ವೆಯವ್ರು ಮೇಡಂ. ಶಿಸ್ತು.”

ಅವಳಿಗೆ ಸಮಾಧಾನವಾಗಲಿಲ್ಲ. ಸಂಜೆ ಅಪ್ಪನ ಮುಂದೆ ಹೇಳಿಕೊಂಡಳು. ಅಪ್ಪ ಎಲೆಗೆ ಸುಣ್ಣ ಸವರುತ್ತ ಯೋಚಿಸಿದರು.

“ನೋಡು ಮಗಳೇ, ಓದುವಾಗ ಸಭೇಲಿ ಒಬ್ಬ ಕೆಮ್ತಾನೆ, ಒಬ್ಬಳು ಮೂಗೊರೆಸ್ತಾಳೆ, ಇನ್ನೊಬ್ಬ ಆಕಳಿಸ್ತಾನೆ. ಆಗ ಜನ ಕೇಳ್ತಿದಾರೆ ಅಂತ ಅರ್ಥ. ಎಲ್ಲರೂ ಒಂದೇ ತೆರದಲ್ಲಿ ಪ್ರಶಾಂತವಾಗಿದ್ರೆ ಕಣ್ಣು ಬಿಟ್ಟು ನೋಡ್ಬೇಕು. ನಿದ್ದೆ ಹೋಗಿರ್ತಾರೆ.”

“ನಿಮ್ಮ ಬಿಪಿ ಹೇಗಿದೆ ಅಪ್ಪ? ಉಪ್ಪಿನಕಾಯಿ ಮುಟ್ಟಲಿಲ್ಲ ತಾನೆ?”

“ರಾಮ ರಾಮ! ನೀನು ನೊಂದ್ಕೊಳ್ತೀಯ ಅಂತ ಭರಣಿ ಕಡೆ ತಿರುಗಿ ಸಹ ನೋಡಿಲ್ಲ.”

ಆ ಸೋಮವಾರ ಜಿಲ್ಲೆಯಿಂದ ಕಮಿಟಿ ಬರುವುದಿತ್ತು. ಒಪ್ಪಿಗೆಯಾದರೆ ಜಿಲ್ಲೆಯ ಮನೆಮನೆಗೂ ಪೆಟ್ಟಿಗೆ. ಗ್ಲೋರಿಯಾ ಮೇಡಂ ಹಿಂದಿನ ದಿನವೇ ಪೆಟ್ಟಿಗೆಗಳ ಬಾಯಲ್ಲಿ ಸಾರಿಸಿದ್ದರು: “ನಾಳೆ ಕಮಿಟಿ ಬರುತ್ತದೆ. ಎಲ್ಲರೂ ಚೆನ್ನಾಗಿರಿ.”

ಬೆಳಗ್ಗೆ ಕಮಿಟಿಯವರು ಕಾಫಿ ಕುಡಿಯುತ್ತ ಪರದೆಯ ಮುಂದೆ ಕುಳಿತರು. ದಪ್ಪ ಕನ್ನಡಕದ ಅಧ್ಯಕ್ಷರು ಕಾಲಮೇಲೆ ಕಾಲು ಹಾಕಿದರು. ಮೊದಲ ಚೌಕ ಬೆಳಗಿತು: ಶೇಷಗಿರಿ ರಾಯರು, ಎಂಬತ್ತೆರಡು.

“ವೆರಿ ಗುಡ್,” ಎಂದರು ಅಧ್ಯಕ್ಷರು.

ಮುಂದಿನ ಮನೆ, ಎಪ್ಪತ್ತೈದು. ಅದರ ಮುಂದಿನದು, ಎಪ್ಪತ್ತು. ವಾಗ್ದೇವಿ ನೆಟ್ಟಗೆ ಕುಳಿತಳು. ಅರವತ್ತಾರು, ಅರವತ್ತೊಂದು… ಇಳಿಜಾರಿನಲ್ಲಿ ಬ್ರೇಕು ತಪ್ಪಿದ ಗೂಡ್ಸ್ ಬೋಗಿಯಂತೆ ಅಂಕಿಗಳು ಮನೆಯಿಂದ ಮನೆಗೆ ಉರುಳತೊಡಗಿದವು. ಹಸಿರು ಹಳದಿಯಾಯಿತು, ಹಳದಿ ಕೆಂಪಾಯಿತು. ಸಕ್ಕರೆ ಏರಿದರೆ ವರ್ಷಗಟ್ಟಲೆ ಕಾಡುತ್ತದೆ. ಹೀಗೆ ಇಳಿದರೆ ಕೈಗೆ ಸಮಯವನ್ನೇ ಕೊಡುವುದಿಲ್ಲ. ಕೆಂಪಾದ ಮನೆಗಳ ಪೆಟ್ಟಿಗೆಗಳು ತಾವಾಗಿಯೇ ಆಂಬುಲೆನ್ಸಿಗೆ ಕರೆಕೊಟ್ಟವು. ಕೊಠಡಿಯ ಸ್ಪೀಕರಿನಲ್ಲಿ ಒಂದಾದ ಮೇಲೊಂದು ಗೋಳು ಎದ್ದಿತು.

“ಏನಿದು, ಸಾವಿನ ಮನೆಯ ಥರ?” ಎಂದು ಅಧ್ಯಕ್ಷರು ಕಾಲು ಕೆಳಗಿಳಿಸಿದರು. ಗ್ಲೋರಿಯಾ ಮೇಡಂ ಅವರ ಕಡೆಗೆ ಬಿಸ್ಕತ್ತಿನ ತಟ್ಟೆ ತಳ್ಳಿದರು.

ವಾಗ್ದೇವಿ ಎಲ್ಲಕ್ಕಿಂತ ಕೆಂಪಾಗಿದ್ದ ಚೌಕಕ್ಕೆ ಲೈನು ಹಾಕಿದಳು. ಗಾರ್ಡ್ ಮುನಿಯಪ್ಪ, ಐವತ್ತನಾಲ್ಕು.

“ಮುನಿಯಪ್ಪನವರೇ! ತಲೆ ಸುತ್ತುತ್ತಾ? ಬೆವರ್ತಿದೀರಾ?”

“ಇಲ್ಲ ಸಿಸ್ಟರ್! ಗುಂಡುಕಲ್ಲಿದ್ದಂಗಿದೀನಿ.” ದನಿ ಗೋಡೆ ನಡುಗುವಷ್ಟು ಗಟ್ಟಿಯಾಗಿತ್ತು. “ಈಗ ತಾನೆ ಆರು ಇಡ್ಲಿ… ಅಲ್ಲಲ್ಲ, ಎರಡು ಇಡ್ಲಿ ತಿಂದೆ.”

ಅವನ ಬೆನ್ನ ಹಿಂದೆ ಏನೋ ಕೇಳುತ್ತಿತ್ತು. ವಾಗ್ದೇವಿ ಕಿವಿಗೊಟ್ಟಳು. ಅಯ್ಯೋ ರುದ್ರಮ್ಮನವರೇ… ಏನಾಯಿತು ಪೀಟರಣ್ಣಾ… ಹೀಗೇಕಾಯಿತು ಮುನಿಯಪ್ಪನವರೇ… ಎಲ್ಲವೂ ಅವಳದೇ ದನಿ.

“ಎಲ್ಲಿದೀರಿ ಈಗ?”

“ಮನೇಲೇ ಸಿಸ್ಟರ್.”

“ನಿಮ್ಮ ಮನೇಲಿ ನಾನು ಎಷ್ಟು ಜನ ಇದೀನಿ ಮುನಿಯಪ್ಪನವರೇ?”

ವಾಗ್ದೇವಿ ಪರದೆಯ ಕಡೆ ತಿರುಗಿದಳು. ಒಂದೇ ನಾಡಿ. ಹೋಳಿಗೆಯ ದಿನವೂ ಎಲ್ಲರಿಗೂ ಒಂದೇ ನೂರಹನ್ನೆರಡು. ಮನೆಯಿಂದ ಮನೆಗೆ ಇಳಿಯುತ್ತ ಬಂದ ಒಂದೇ ಸಕ್ಕರೆ. ಇಷ್ಟೂ ಮನೆಗಳಿಗೆ ಇದ್ದದ್ದು ಒಂದೇ ಬೆರಳು! ಯಾರದು? ಅಷ್ಟು ಕೆಂಪಿನ ನಡುವೆ ಒಂದೇ ಒಂದು ಚೌಕ ಇನ್ನೂ ಬೆಳಗದೆ ಕಪ್ಪಾಗಿ ಉಳಿದಿತ್ತು. ಎಲ್ಲರಿಗೂ ಬೆರಳು ಕೊಟ್ಟು ತನ್ನದನ್ನು ಕೊನೆಗೆ ಇಟ್ಟುಕೊಂಡವರದು. ಚೌಕದ ಮೇಲಿನ ಹೆಸರು, ಚೆನ್ನಾಜಮ್ಮ.

“ಚೆನ್ನಾಜಮ್ಮ ಎಲ್ಲಿ?”

ಈಗ ರಾಯರ ದನಿ ಬಂತು. “ಅವ್ರ ಜಗಲಿ ಮೇಲೇ ಇದೀವಮ್ಮ. ಯಾಕೋ ಸುಸ್ತು, ನೀರು ಕುಡ್ಕೊಂಡು ಬರ್ತೀನಿ ಅಂತ ಒಳಗೆ ಹೋದ್ರು. ನಾವು ಈ ಪೆಟ್ಟಿಗೆಗಳನ್ನ ಸಮಾಧಾನ ಮಾಡ್ತಾ…”

“ಪೆಟ್ಟಿಗೆ ಬಿಡಿ ರಾಯರೇ! ಒಳಗೆ ಹೋಗಿ! ಈ ಮಾತಾಡ್ತಿರೋ ಪೆಟ್ಟಿಗೆ ಮಾತ್ರ ಕೈಲೇ ಇರಲಿ!”

ಹೆಜ್ಜೆಗಳ ಸದ್ದು, ಕಿರುಚಾಟ. ಹಿಂದಿನಿಂದ ಪೆಟ್ಟಿಗೆಗಳ ಮೇಳ ಮಾತ್ರ ತಾರಕಕ್ಕೇರಿತ್ತು. ರಾಯರು ಹೇಳಿದ್ದೊಂದೂ ಕೇಳಿಸದು.

“ಇಮ್ತಿಯಾಜ್, ನನ್ನ ಬಾಯಿ ಮುಚ್ಚಿಸಿ!”

“ಮೇಡಂ?”

“ಪೆಟ್ಟಿಗೇಲಿ ಅಳ್ತಿದೀನಲ್ಲ, ಆ ಬಾಯಿ!”

ಇಮ್ತಿಯಾಜ್ ಏನನ್ನೋ ಒತ್ತಿದ. ಕಾಲೋನಿಯ ಅಷ್ಟೂ ಅಳು ಗಕ್ಕನೆ ನಿಂತಿತು. ಆ ನಿಶ್ಶಬ್ದದಲ್ಲಿ ರಾಯರ ಏದುಸಿರು ಕೇಳಿಸಿತು.

“ಅಡುಗೆಮನೇಲಿ ಬಿದ್ದಿದಾರಮ್ಮ. ಮೈಯೆಲ್ಲ ಬೆವರು.”

“ಹೂಂ. ಕೂಗಿದ್ರೆ ಕಣ್ಣು ಬಿಡ್ತಾರಾ?”

“ಬಿಡ್ತಾರೆ. ಏನೋ ತೊದಲ್ತಿದಾರೆ.”

“ಹೂಂ. ಎತ್ತಿ ಕೂರಿಸಿ. ಒಂದು ಗುಟುಕು ನೀರು ಕೊಡಿ. ನುಂಗ್ತಾರಾ?”

“ನುಂಗಿದ್ರು.”

“ಹೂಂ. ಸಕ್ಕರೆ ಡಬ್ಬಿ ತಗೊಳ್ಳಿ.”

ಡಬ್ಬಿಗಳು ಉರುಳಿದ ಸದ್ದು. “ಇಲ್ಲಮ್ಮ! ಇವ್ರ ಮನೇಲಿ ಸಕ್ಕರೇನೂ ಇಲ್ಲ, ಬೆಲ್ಲಾನೂ ಇಲ್ಲ. ಸಿಸ್ಟರ್ ನೊಂದ್ಕೊಳ್ತಾರೆ ಅಂತ ಇವ್ರು ಎಲ್ಲ ದಾನ ಮಾಡಿಬಿಟ್ಟಿದಾರೆ.”

“ಮತ್ತೆ ಯಾರ ಹತ್ರ ಇದೆ?”

ಇಡೀ ಕಾಲೋನಿ ಆ ಬಾಗಿಲಲ್ಲಿ ನೆರೆದಿತ್ತು. ತನ್ನ ಮನೆಯಲ್ಲಿ ಸಿಹಿಯಿದೆಯೆಂದು ಸಿಸ್ಟರ್ ಕಿವಿಗೆ ಬೀಳುವಂತೆ ಒಪ್ಪಿಕೊಳ್ಳುವ ಗಂಡೆದೆ ಅಲ್ಲಿ ಒಬ್ಬರಿಗೂ ಇರಲಿಲ್ಲ. ವಾಗ್ದೇವಿಗೆ ಗುರುಬಸಪ್ಪನ ಕಾಲುಚೀಲ ಕಣ್ಣೆದುರು ಬಂತು. ಕಮಿಟಿ ಅಲ್ಲೇ ಕೂತಿರುವುದು ಮರೆತೇಹೋಯಿತು. ಹುಟ್ಟಿದಾರಭ್ಯ ಎತ್ತದಿದ್ದ ದನಿಯನ್ನು ಎತ್ತಿದಳು.

“ನಾನು ಅಳಲ್ಲ! ಯಾರೂ ಅಳಲ್ಲ! ಯಾರ ಹತ್ರ ಸಿಹಿ ಇದೆ, ತೆಗೀರಿ!”

ತೆಗೆದರು. ಮುನಿಯಪ್ಪನ ಜೇಬಿನಿಂದ ಕೊಬ್ಬರಿ ಮಿಠಾಯಿ ಬಂತು. ರುದ್ರಮ್ಮನ ಸೆರಗಿನ ಗಂಟಿನಿಂದ ಕಲ್ಲುಸಕ್ಕರೆ. ಪೀಟರ್ ಟೋಪಿ ತೆಗೆದರೆ ನೆತ್ತಿಯ ಮೇಲೆ ಎರಡು ಚಾಕೊಲೇಟು. ರಾಯರ ಹೆಂಡತಿ ಓಡಿಹೋಗಿ, ತೊಗರಿಬೇಳೆಯೊಳಗೆ ಹೂತಿಟ್ಟಿದ್ದ ಸಕ್ಕರೆ ಡಬ್ಬಿಯನ್ನೇ ಹೊತ್ತು ತಂದರು. ರಾಯರು, “ಇದೆಲ್ಲಿತ್ತೇ!” ಎಂದರು. “ನಿಮ್ಮಿಂದ ಬಚ್ಚಿಟ್ಟಿದ್ದು” ಎಂದರು ಆಕೆ.

“ಸಕ್ಕರೆ ಸಾಕು, ಉಳಿದದ್ದು ಆಮೇಲೆ. ನೀರಲ್ಲಿ ಕರಗಿಸಿ, ನಿಧಾನ ಕುಡಿಸಿ. ಹೂಂ… ಹೂಂ… ಮುಂದೆ?”

ಒಂದಷ್ಟು ಹೊತ್ತು ಲೋಟದ ಸದ್ದು, ಬಳೆಯ ಸದ್ದು. ಆಮೇಲೆ ಎಲ್ಲರನ್ನೂ ದಾಟಿ ಒಂದು ಕ್ಷೀಣ ದನಿ:

“ನಂಬರ್ ಎಷ್ಟು ಬಂತು ರಾಯ್ರೇ? ಕಮಿಟಿ ಒಪ್ಕೊಂತಾ?”

ವಾಗ್ದೇವಿ ಹೆಡ್‌ಫೋನ್ ಕಿತ್ತಿಟ್ಟು, ಕಾಲೋನಿಗೆ ಹೋಗಕೂಡದೆಂಬ ಅಪ್ಪಣೆ ಕೊಟ್ಟವರ ಎದುರಿಗೇ ಹಾದು, ಇಮ್ತಿಯಾಜನ ಹಿಂದೆ ಸ್ಕೂಟರ್ ಹತ್ತಿದಳು.

ಅಷ್ಟರಲ್ಲಿ ಜಿಲ್ಲೆಯಲ್ಲಿದ್ದ ಡ್ರೈವರಿಲ್ಲದ ಆಂಬುಲೆನ್ಸುಗಳೆಲ್ಲ ಅಲ್ಲಿ ಸೇರಿದ್ದವು. ಒಂದು ಗಾಡಿ ಮುನಿಯಪ್ಪನನ್ನು ಪಟ್ಟಿಯಿಂದ ಬಿಗಿದು ಸ್ಟ್ರೆಚರ್ ಮೇಲೆ ಮಲಗಿಸಿಕೊಂಡಿತ್ತು.

“ಬಿಡೋ ನನ್ನ! ಚೆನ್ನಾಗಿದೀನಿ ಕಣೋ!”

“ನೀವು ಪ್ರಜ್ಞೆ ತಪ್ಪಿದ್ದೀರಿ,” ಎಂದಿತು ಗಾಡಿ ವಿನಯದಿಂದ. “ದಯವಿಟ್ಟು ಮಾತಾಡಬೇಡಿ.”

ಅವನನ್ನು ಇಮ್ತಿಯಾಜನಿಗೆ ಒಪ್ಪಿಸಿ ವಾಗ್ದೇವಿ ಒಳಗೆ ಹೋದಳು. ಚೆನ್ನಾಜಮ್ಮ ಗೋಡೆಗೊರಗಿ ಕುಳಿತಿದ್ದಳು. ಬಣ್ಣ ಮರಳಿತ್ತು. ಸಿಸ್ಟರನ್ನು ಕಂಡದ್ದೇ ಕೈಯಲ್ಲಿದ್ದ ಕೊಬ್ಬರಿ ಮಿಠಾಯಿಯನ್ನು ಸೆರಗಿನಡಿ ಸರಿಸಿದಳು.

“ತಿನ್ನಿ ಚೆನ್ನಾಜಮ್ಮ. ಈಗ ಅದೇ ಔಷಧಿ. ಬೆಳಗ್ಗೆ ಏನು ತಿಂದಿದ್ರಿ?”

“ಕಮಿಟಿ ಬತ್ತದಂತಲ್ಲ ಸಿಸ್ಟರಮ್ಮ. ನಂಬರ್ ಚೆಂದಾಗಿ ಬರ್ಲಿ ಅಂತ ಸಕ್ಕರೆ ಕಾಯಿಲೆ ಮಾತ್ರೆ ಒಂದು ಜಾಸ್ತಿ ನುಂಗ್ದೆ. ನಿನ್ನೆಯಿಂದ ಏನೂ ತಿಂದಿಲ್ಲ. ನಿಮ್ಮ ಮಾನ ಉಳೀಬೇಕಲ್ಲವ್ವ.”

ಇದೆಲ್ಲ ಶುರುವಾದದ್ದು ಹೇಗೆಂದು ರಾಯರು ಜಗಲಿಯ ಮೇಲೆ ತಲೆ ತಗ್ಗಿಸಿ ಹೇಳಿದರು. ಒಂದು ದಿನ ಚೆನ್ನಾಜಮ್ಮ ಕರಿಬೇವು ಕೊಡಲು ಬಂದಾಗ ರಾಯರ ಪೆಟ್ಟಿಗೆ ಒಂದೇ ಸಮ ಅಳುತ್ತಿತ್ತು. ಕರುಳು ತಡೆಯದೆ ಆಕೆ ತನ್ನ ಬೆರಳಿಟ್ಟಳು. ಪೆಟ್ಟಿಗೆ ನಕ್ಕಿತು. ಮರುದಿನ ಮುನಿಯಪ್ಪ ತನ್ನ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದ. ಆಮೇಲೆ ಕಾಲೋನಿಯೇ ಬಂತು. ನೂಕುನುಗ್ಗಲಾಗಬಾರದೆಂದು ರಾಯರು ಹಳೆಯ ಅಭ್ಯಾಸದಂತೆ ವ್ಯವಸ್ಥೆ ಮಾಡಿದರು. ಸಿಂಗಲ್ ಲೈನಿನಲ್ಲಿ ಟೋಕನ್ ಸಿಕ್ಕ ರೈಲಷ್ಟೇ ಮುಂದೆ ಹೋಗುವ ಹಾಗೆ, ಒಂದು ಹಿತ್ತಾಳೆ ಲೋಟ ಯಾರ ಕೈಲಿದೆಯೋ ಅವರ ಪೆಟ್ಟಿಗೆಗೆ ಬೆರಳು. ಮುನಿಯಪ್ಪ ಹಸಿರು ಬಾವುಟ ತೋರಿಸುತ್ತಿದ್ದ. ಒಂದು ದಿನವೂ ಲೇಟಾಗಿರಲಿಲ್ಲ.

“ಅದು ಯಂತ್ರ ರಾಯರೇ. ಅದಕ್ಕೆ ದುಃಖ ಎಲ್ಲಿದೆ?”

“ಗೊತ್ತಮ್ಮ, ನಮಗೇನು ಅಷ್ಟೂ ತಿಳಿಯಲ್ವೆ? ಆದ್ರೆ ದನಿ ನಿಮ್ಮದಲ್ವಾ? ಗಂಡನ ಮನೆಯಿಂದ ಮಗಳು ಫೋನ್ ಮಾಡಿ ಹೇಗಿದೀಯಪ್ಪ ಅಂದ್ರೆ, ಮಂಡಿ ಹಿಡ್ಕೊಂಡಿದೆ ಅಂತ ಹೇಳೋಕಾಗುತ್ತಾ? ಚೆನ್ನಾಗಿದೀನಿ ಅಂತೀವಿ. ಹಾಗೇ ಇದೂನು.”

ಅಂದು ವಾಗ್ದೇವಿ ಅವರವರ ಪೆಟ್ಟಿಗೆಯ ಮೇಲೆ ಅವರವರ ಬೆರಳಿಡಿಸಿದಳು. ಇನ್ನೂರೆಂಬತ್ತು, ಮುನ್ನೂರಹತ್ತು. ಪೀಟರನ ಕಾಲಿನ ಹೆಬ್ಬೆರಳ ಸಂದಿಯಲ್ಲಿ ಆಗಷ್ಟೇ ಕಣ್ಣುಬಿಟ್ಟ ಸಣ್ಣದೊಂದು ಹುಣ್ಣು ಕೂಡ ಸಿಕ್ಕಿತು. ಅಲ್ಲೇ ಕೂತು ತೊಳೆದು ಔಷಧಿ ಹಚ್ಚಿದಳು. ಈ ಸಲ ತಡವಾಗಿರಲಿಲ್ಲ.

ಮನೆಗೆ ಬಂದಾಗ ದೇವರ ದೀಪ ಹಚ್ಚುವ ಹೊತ್ತು. ಆಯಾಸದಲ್ಲಿ ಕಂಬಕ್ಕೊರಗಿ ಕಣ್ಣು ಮುಚ್ಚಿದಳು. ಅಪ್ಪ ಕಾಫಿ ತಂದಿಟ್ಟು, ಕೇಳದಿದ್ದರೂ, “ಇವತ್ತೂ ಉಪ್ಪಿನಕಾಯಿ ಮುಟ್ಟಲಿಲ್ಲ” ಎಂದರು.

ಮರುಗುವುದಕ್ಕೂ ಗದರುವುದಕ್ಕೂ ತ್ರಾಣವಿರಲಿಲ್ಲ. “ಹೂಂ,” ಎಂದಳು.

ಅಪ್ಪ ಕಾಫಿ ಲೋಟವನ್ನು ಅವಳತ್ತ ಇನ್ನಷ್ಟು ಸರಿಸಿದರು. “ಒಂದೇ ಹೋಳು, ಮೊಸರನ್ನಕ್ಕೆ.”

“ಹೂಂ.”

“ಬೆಳಗ್ಗೆ ರೊಟ್ಟಿಗೂ ಒಂಚೂರು.”

“ಹೂಂ. ಆಮೇಲೆ?”

“ಆಮೇಲೇನು, ಹಾಸಿಗೆ ಕೆಳಗೆ ಇನ್ನೊಂದು ಭರಣಿ ಇದೆ!” ಅಪ್ಪ ಕುಸಿದು ಕುಳಿತರು. “ಇದೇನೇ ಹೀಗೆ ಕೇಳ್ತೀಯ? ನೀನು ಅತ್ತಿದ್ರೆ ಏನೋ ಒಂದು ಸುಳ್ಳು ಹೇಳಿ ಪಾರಾಗ್ತಿದ್ದೆ.”

ವಾಗ್ದೇವಿ ಕಣ್ಣು ತೆರೆದಳು.

“ಅಪ್ಪ, ಓದುವಾಗ ಎದುರಿಗೆ ಎಂಥವರು ಕೂತಿದ್ರೆ ನಿಮಗೆ ಹಿತ?”

“ಹೂಂಗುಟ್ಟೋರು, ಇನ್ಯಾರು? ಮೊದಲೇ ಅತ್ತುಬಿಡೋರು ಕೂತ್ರೆ, ಪಾಪ ಅವ್ರಿಗೆ ನೋವಾಗುತ್ತೆ ಅಂತ ಓದೋನು ಪದ್ಯ ಹಾರಿಸಿಬಿಡ್ತಾನೆ. ಕತೆ ಪೂರ್ತಿ ಬರೋದು ಹೂಂಗುಟ್ಟೋನ ಮುಂದೇನೇ.”

ಮರುದಿನ ಮೈಕಿನ ಮುಂದೆ ಅವಳು ಹೆಚ್ಚೇನೂ ಓದಲಿಲ್ಲ. ಬೆಳಗಿನ ಹೂಂ, ಸಂಜೆಯ ಹೂಂ, ‘ಕೇಳ್ತಿದೀನಿ ಹೇಳಿ’ ಎಂಬ ಹೂಂ, ‘ಆಮೇಲೆ?’ ಎಂಬ ಹೂಂ. ಗ್ಲೋರಿಯಾ ಮೇಡಂ ಕೇಳಿ ಹಣೆ ಚಚ್ಚಿಕೊಂಡರು. “ಬರೀ ಹೂಂ! ಇದರಲ್ಲಿ ಫೀಲಿಂಗ್ ಎಲ್ಲಿದೆ?”

“ಹೂಂ,” ಎಂದಳು ವಾಗ್ದೇವಿ.

ಗ್ಲೋರಿಯಾ ಮೇಡಂ ಕುರ್ಚಿ ಎಳೆದುಕೊಂಡು ಕುಳಿತರು. “ನಿಜ ಹೇಳ್ಬೇಕಂದ್ರೆ ನಂಗೂ ಒಂದು ವರ್ಷದಿಂದ ಶುಗರ್ ಇದೆ ಕಣೇ. ಯಾರಿಗೂ ಹೇಳಿಲ್ಲ.”

ಕಮಿಟಿ ಪೆಟ್ಟಿಗೆಯನ್ನು ಒಪ್ಪಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ನಿಜವಾದ ಅಂಕಿಗಳನ್ನು ಹಿಡಿದುಕೊಂಡು ಮತ್ತೆ ಬನ್ನಿ ಎಂದಿತು. ಹೊಸ ದನಿ ಕಾಲೋನಿಗೆ ಹೋಯಿತು. ಪರದೆಯ ಹಸಿರು ಮಾಯವಾಗಿ ಚೌಕಕ್ಕೊಂದು ಬಣ್ಣ ಬಂತು. ಒಬ್ಬರ ಅಂಕಿ ಇನ್ನೊಬ್ಬರಂತಿರಲಿಲ್ಲ. ವಾಗ್ದೇವಿ ಅದನ್ನು ಹಬ್ಬದ ರಂಗೋಲಿಯಂತೆ ನೋಡಿದಳು. ಮುನಿಯಪ್ಪ ಆರು ಇಡ್ಲಿಯನ್ನು ಆರೆಂದೇ ಹೇಳಿದ. ಅದಕ್ಕೆ ತಕ್ಕ ಮಾತ್ರೆ, ಅದಕ್ಕೆ ತಕ್ಕ ನಡಿಗೆ ಹೇಳುವುದು ಸಲೀಸಾಯಿತು. ಕೆಲವು ಚೌಕಗಳು ಮೆಲ್ಲನೆ, ಒಂದೆರಡು ಮೆಟ್ಟಿಲು ಇಳಿದು ಒಂದು ಮೆಟ್ಟಿಲು ಹತ್ತುತ್ತ, ದಾರಿಗೆ ಬರತೊಡಗಿದವು.

ಒಂದು ಮಧ್ಯಾಹ್ನ ಚೆನ್ನಾಜಮ್ಮನ ಚೌಕ ಬೆಳಗಿತು. ನೂರೆಂಬತ್ತು. ವಾಗ್ದೇವಿ ಹೆಡ್‌ಫೋನ್ ಕಿವಿಗೆ ಹಚ್ಚಿಕೊಂಡಳು.

“ನಾನು ಚೆನ್ನಾಜಮ್ಮ ಕಣವ್ವ. ರಾಯ್ರ ಮನೇಲಿ ಶ್ರಾದ್ಧ ಇತ್ತು. ಒಂದು ವಡೆ ತಿಂದೆ.”

“ಹೂಂ,” ಎಂದಿತು ಪೆಟ್ಟಿಗೆ.

“ಪಾಯಸಾನೂ ಕುಡ್ದೆ.”

“ಹೂಂ. ಆಮೇಲೆ?”

“ಆಮೇಲೆ ನಮ್ಮ ಯಜಮಾನ್ರ ನೆನಪಾಯ್ತು. ಹುಣ್ಣಾಗೈತೆ ಅಂತ ಒಂದು ಮಾತು ಹೇಳಿದ್ರೆ ನಾನೇನು ಸತ್ತೋಗ್ತಿದ್ನಾ? ಇಷ್ಟು ದಿನ ಯಾರ ಮುಂದೂ ಅಂದಿಲ್ಲ. ನಂಗೆ ಅವ್ರ ಮೇಲೆ ಸಿಟ್ಟೈತೆ ಕಣವ್ವ.”

“ಹೂಂ.”

ಅತ್ತ ಮೂಗೊರೆಸಿಕೊಂಡ ಸದ್ದು. ಆಮೇಲೆ ಹಗುರಾದ ದನಿ: “ಹೋಗ್ಲಿ ಬುಡು. ನನ್ನ ಗೋಳು ಇದ್ದಿದ್ದೇ. ನೀನು ಉಂಡ್ಯೇನವ್ವ?”

“ಹೂಂ,” ಎಂದಿತು ಪೆಟ್ಟಿಗೆ, ವಾಗ್ದೇವಿಯದೇ ದನಿಯಲ್ಲಿ.

ವಾಗ್ದೇವಿ ಮೇಜಿನ ತುದಿಗೆ ನೋಡಿದಳು. ಬೆಳಗ್ಗೆ ಅಪ್ಪ ಕಟ್ಟಿಕೊಟ್ಟ ಡಬ್ಬಿ ಹಾಗೆಯೇ ಕುಳಿತಿತ್ತು. ತನ್ನ ಹೆಸರಲ್ಲಿ ಪೆಟ್ಟಿಗೆ ಹೇಳಿದ ಮಾತು ಆ ತಾಯಿಯ ಮುಂದೆ ಸುಳ್ಳಾಗಬಾರದೆಂದು, ಕೈ ತೊಳೆದು ಬಂದು ಮುಚ್ಚಳ ತೆಗೆದಳು. ಮೊಸರನ್ನದ ಮೂಲೆಯಲ್ಲಿ ಒಂದೇ ಒಂದು ಹೋಳು ಉಪ್ಪಿನಕಾಯಿ ಕೆಂಪಗೆ ಕುಳಿತಿತ್ತು.